ವಜ್ರದೊಳಗಿನ ಚುಕ್ಕೆ



ವಜ್ರ ಕೊಳ್ಳುವವರು ಅದರೊಳಗೆ ಚುಕ್ಕೆ ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡುತ್ತಾರೆ. ಚುಕ್ಕೆ ಕಂಡರೆ ಬೆಲೆ ಇಳಿಯುತ್ತದೆ. ಆದರೆ ಭೂವಿಜ್ಞಾನಿ ಹುಡುಕುವುದು ಆ ಚುಕ್ಕೆಯನ್ನೇ. ಏಕೆ?

ಮನುಷ್ಯ ಭೂಮಿಯನ್ನು ಅತಿ ಆಳಕ್ಕೆ ಕೊರೆದಿರುವುದು ರಷ್ಯಾದ ಕೋಲಾ ಪ್ರದೇಶದಲ್ಲಿ. ಆ ಆಳ 12,262 ಮೀಟರ್. ಭೂಮಿಯ ತ್ರಿಜ್ಯವಾದರೋ ಸುಮಾರು 6,371 ಕಿಲೋಮೀಟರ್! ಅದಕ್ಕಿಂತ ಕೆಳಗಿನ ಸಮಾಚಾರ ತರುವ ಕೆಲವೇ ವಸ್ತುಗಳಲ್ಲಿ ವಜ್ರವೂ ಒಂದು.

ಹೆಚ್ಚಿನ ವಜ್ರಗಳು ಹುಟ್ಟುವುದು ಪ್ರಾಚೀನ ಭೂಖಂಡಗಳ ಬುಡದಲ್ಲಿ, ಮ್ಯಾಂಟಲ್ ಎಂಬ ಪದರದಲ್ಲಿ, 150ರಿಂದ 200 ಕಿಲೋಮೀಟರ್ ಆಳದಲ್ಲಿ. ಅಲ್ಲಿ ಉಷ್ಣತೆ ಸಾವಿರ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಒತ್ತಡ ನಮ್ಮ ವಾಯುಮಂಡಲದ ಒತ್ತಡದ ಸುಮಾರು 50,000 ಪಟ್ಟು. ಶಿಲೆಗಳ ನಡುವೆ ಸಾಗುವ ದ್ರವಗಳಲ್ಲಿನ ಇಂಗಾಲ ಬೇರ್ಪಟ್ಟು ವಜ್ರವಾಗಿ ಹರಳುಗಟ್ಟುತ್ತದೆ. ಕಲ್ಲಿದ್ದಲು ಒತ್ತಡಕ್ಕೆ ಸಿಕ್ಕಿ ವಜ್ರವಾಯಿತೆಂಬ ಮಾತನ್ನು ನೀವು ಕೇಳಿರಬಹುದು. ಅದು ಸರಿಯಲ್ಲ. ಅನೇಕ ವಜ್ರಗಳು ನೆಲದ ಮೇಲೆ ಮೊದಲ ಗಿಡ ಚಿಗುರುವುದಕ್ಕಿಂತ ಎಷ್ಟೋ ಹಿಂದಿನವು.

ಹರಳು ಬೆಳೆಯುವಾಗ ಪಕ್ಕದಲ್ಲಿರುವ ಗಾರ್ನೆಟ್, ಆಲಿವಿನ್ ಮೊದಲಾದ ಖನಿಜಗಳ ಕಣಗಳು ಅದರೊಳಗೆ ಸಿಕ್ಕಿಕೊಳ್ಳುತ್ತವೆ. ವಜ್ರ ಬಲು ಗಟ್ಟಿ. ಬೇರೆ ವಸ್ತುಗಳೊಡನೆ ಸುಲಭವಾಗಿ ವರ್ತಿಸುವುದಿಲ್ಲ. ಆದ್ದರಿಂದ ಒಳಗಿನ ಕಣ ಮುಚ್ಚಿದ ಭರಣಿಯಲ್ಲಿಟ್ಟಂತೆ ಭದ್ರ. ಬರಿಯ ಇಂಗಾಲವಾದ ವಜ್ರ ತನ್ನ ವಯಸ್ಸನ್ನು ಹೇಳಲಾರದು, ಕಣ ಹೇಳುತ್ತದೆ. ದಕ್ಷಿಣ ಆಫ್ರಿಕಾದ ವಜ್ರಗಳಲ್ಲಿದ್ದ ಗಾರ್ನೆಟ್ ಕಣಗಳ ವಿಕಿರಣಶೀಲ ಧಾತುಗಳನ್ನು ಅಳೆದು, ಅವು 300 ಕೋಟಿ ವರ್ಷಗಳಿಗೂ ಹಳೆಯವೆಂದು 1984ರಲ್ಲಿ ಪ್ರಕಟಿಸಲಾಯಿತು.

ಇಷ್ಟು ಆಳದಿಂದ ವಜ್ರ ಮೇಲೆ ಬರುವುದು ಹೇಗೆ? ಕಿಂಬರ್ಲೈಟ್ ಎಂಬ ಶಿಲಾಪಾಕ ರಭಸದಿಂದ ಮೇಲೆ ನುಗ್ಗುವಾಗ ಅದನ್ನು ಹೊತ್ತು ತರುತ್ತದೆ. ನಿಧಾನವಾಗಿ ಬಂದಿದ್ದರೆ ದಾರಿಯಲ್ಲೇ ಅದು ಗ್ರಾಫೈಟ್ ಆಗಿಬಿಡಬಹುದಿತ್ತು. ಇಂತಹ ಶಿಲೆ ನಮ್ಮ ಬಳ್ಳಾರಿಯ ನೆರೆಯ ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿದೆ. ಮಳೆ ಬಿದ್ದಾಗ ಅಲ್ಲಿನ ಹೊಲಗಳಲ್ಲಿ ಜನ ವಜ್ರ ಹುಡುಕುವುದುಂಟು.

ಕೆಲವು ವಜ್ರಗಳು ಇನ್ನೂ ಆಳದವು. ಬ್ರೆಜಿಲ್‌ನ ಜುಯಿನಾದಲ್ಲಿ 2008ರಲ್ಲಿ ಸಿಕ್ಕಿದ, ಸುಮಾರು 3 ಮಿಲಿಮೀಟರ್ ಅಗಲದ ಕಂದು ವಜ್ರಕ್ಕೆ ಅಂಗಡಿಯಲ್ಲಿ ಬೆಲೆಯೇ ಇರಲಿಲ್ಲ. ಗ್ರಹಾಂ ಪಿಯರ್ಸನ್ ಮತ್ತು ಸಂಗಡಿಗರು ಬೇರೊಂದು ಖನಿಜವನ್ನು ಅರಸುತ್ತಿದ್ದಾಗ, ಅದರೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ರಿಂಗ್‌ವುಡೈಟ್ ಕಣ ದೊರೆಯಿತು. ಅಲ್ಲಿಯವರೆಗೆ ಈ ಖನಿಜ ಉಲ್ಕಾಶಿಲೆಗಳಲ್ಲಿ ಮತ್ತು ಪ್ರಯೋಗಾಲಯದಲ್ಲಿ ಮಾತ್ರ ಕಂಡಿತ್ತು. ಭೂಮಿಯಲ್ಲಿ ಅದು 410ರಿಂದ 660 ಕಿಲೋಮೀಟರ್ ನಡುವಿನ ವಲಯದ ಕೆಳಭಾಗದಲ್ಲಿರಬೇಕೆಂದು ವಿಜ್ಞಾನಿಗಳು ಊಹಿಸಿದ್ದರು. 2014ರಲ್ಲಿ ಸಾಕ್ಷಿ ಸಿಕ್ಕಿತು. ಇನ್ನೊಂದು ಸೋಜಿಗವೆಂದರೆ, ಆ ಕಣದ ತೂಕದಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ನೀರು! ಹರಿಯುವ ನೀರಲ್ಲ, ಖನಿಜದ ರಚನೆಯಲ್ಲೇ ಬೆಸೆದುಕೊಂಡ ನೀರು. ಅಷ್ಟು ಆಳದಲ್ಲಿ, ಕೆಲವೆಡೆಯಾದರೂ, ನೀರು ಅಡಗಿದೆ ಎಂಬುದಕ್ಕೆ ಇದು ನೇರ ಪುರಾವೆ.

ಆ ವಜ್ರವನ್ನು ಒಪ್ಪ ಮಾಡಲು ಚುಕ್ಕೆಯ ಭಾಗವನ್ನು ಯಾರಾದರೂ ಸಾಣೆ ಹಿಡಿದು ತೆಗೆದಿದ್ದರೆ, ಈ ಸಂಗತಿ ಪುಡಿಯೊಡನೆ ಹೋಗಿಬಿಡುತ್ತಿತ್ತು. ಮಾರುಕಟ್ಟೆಗೆ ಅದು ದೋಷ. ಭೂಮಿಯನ್ನು ಓದುವವನಿಗೆ ಅದೇ ಅಕ್ಷರ.