ಕೇಳಿ ಬರೆದುಕೊಂಡ ವಿದೇಶ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರು ಈ ಮಾಲಿಕೆಗೆ ಮತ್ತೆ ಮತ್ತೆ ಬರೆಯುವ ಮಾತೊಂದಿದೆ: ‘ಮಗ ದುಬೈಯಲ್ಲಿದ್ದಾನೆ, ಮಗಳು ಅಮೆರಿಕದಲ್ಲಿ. ನಾವೂ ಹೋಗಿಬಂದೆವು. ಆದರೆ ಅದನ್ನೆಲ್ಲ ಕನ್ನಡದಲ್ಲಿ ಬರೆಯಲು ನಾವೇನು ಪಂಡಿತರೇ?’ ಇದಕ್ಕೆ ಉತ್ತರ ಹತ್ತೊಂಬತ್ತನೇ ಶತಮಾನದ ಜಪಾನಿನಲ್ಲಿದೆ.

ಹೊರದೇಶದವರಿಗೆ ಬಾಗಿಲು ಮುಚ್ಚಿ ಕೂತಿದ್ದ ಜಪಾನಿಗೆ ಹೊರಜಗತ್ತೇ ಗೊತ್ತಿರಲಿಲ್ಲ ಎಂದು ಈಗಲೂ ಹೇಳುವವರಿದ್ದಾರೆ. ಈ ಮಾತು ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ನಾಗಾಸಾಕಿಗೆ ಬರುತ್ತಿದ್ದ ಡಚ್ ಪುಸ್ತಕಗಳನ್ನು ಅಲ್ಲಿನ ವಿದ್ವಾಂಸರು ತಲೆಮಾರುಗಳಿಂದ ಓದುತ್ತಿದ್ದರು. ಪುಸ್ತಕದಲ್ಲಿ ಸಿಗದ್ದನ್ನು ಜನರನ್ನೇ ಕೇಳಿದರು. 1841ರಲ್ಲಿ ಬಿರುಗಾಳಿಗೆ ಸಿಕ್ಕಿ, ಅಮೆರಿಕದ ತಿಮಿಂಗಿಲ ಬೇಟೆಯ ಹಡಗು ಸೇರಿದ ಮಂಜಿರೊ ಎಂಬ ಮೀನುಗಾರರ ಹುಡುಗ ಹತ್ತು ವರ್ಷದ ಮೇಲೆ ದೇಶಕ್ಕೆ ಮರಳಿದ. ಕವಾದ ಶೋರ್ಯೊ ಎಂಬ ವಿದ್ವಾಂಸರು, ಚಿತ್ರಕಾರರೂ ಹೌದು, ಅವನನ್ನು ಕೂರಿಸಿಕೊಂಡು ಕೇಳಿದರು, ಬರೆದುಕೊಂಡರು, ಚಿತ್ರ ಸೇರಿಸಿದರು. ನೀರು ಕಾಯಿಸಿದ ಬಲದಿಂದ ಕಬ್ಬಿಣದ ಹಳಿಯ ಮೇಲೆ ಓಡುವ ಗಾಡಿಯ ವಿವರ 1852ರ ಆ ಕೃತಿಯಲ್ಲಿದೆ. ನಮ್ಮ ಠಾಣೆಗೆ ರೈಲು ಬಂದದ್ದೇ 1853ರಲ್ಲಿ. ಜಪಾನಿನ ಮೊದಲ ರೈಲುಮಾರ್ಗ ತೆರೆದದ್ದು 1872ರಲ್ಲಿ. ಕವಾದ ಅವರು ಅಮೆರಿಕ ಕಂಡವರಲ್ಲ. ಕೇಳಿದರು, ಅಷ್ಟೇ.

1862ರಲ್ಲಿ ಯುರೋಪಿಗೆ ಹೋದ ಜಪಾನಿನ ಲೇಖಕ ಫುಕುಜಾವಾ ಯುಕಿಚಿ ಅವರು ಪುಸ್ತಕದಲ್ಲಿ ಸಿಗುವ ಯಂತ್ರವಿದ್ಯೆಯ ಹಿಂದೆ ಬೀಳಲಿಲ್ಲ. ಆಸ್ಪತ್ರೆಯ ಖರ್ಚು ಯಾರದು? ಬ್ಯಾಂಕಿಗೆ ಹಣ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ? ಚುನಾವಣೆ ನಡೆಸುವುದು ಹೇಗೆ? ಹೀಗೆ ಕೇಳುತ್ತಾ ಹೋದರು. ಅಲ್ಲಿಯವರಿಗೆ ಇವು ಕೇಳಬೇಕಾದ ಪ್ರಶ್ನೆಗಳೇ ಅಲ್ಲ. ಇಂಥ ವಿಚಾರಣೆಯಿಂದಲೇ 1866ರಲ್ಲಿ ಪಶ್ಚಿಮದ ಸ್ಥಿತಿಗತಿಯನ್ನು ಹೇಳುವ ಅವರ ‘ಸೇಯೊ ಜಿಜೊ’ ಪುಸ್ತಕ ಹೊರಬರತೊಡಗಿತು, ಜಪಾನಿನಲ್ಲಿ ಮನೆಮಾತಾಯಿತು.

ನಾನು ಹೇಳುವುದೂ ಇಷ್ಟೇ: ಅಲ್ಲಿಯವರಿಗೆ ತೀರಾ ಮಾಮೂಲಾದದ್ದನ್ನೇ ಕೇಳಿ. ನನ್ನ ಕೈಗೆ ಬರುವ ಪ್ರವಾಸಕಥನಗಳಲ್ಲಿ ನಯಾಗರಾ ತಪ್ಪದೆ ಇರುತ್ತದೆ. ಮನೆ ಬಾಡಿಗೆಯ ಕರಾರು, ಕಸ ಒಯ್ಯುವ ಏರ್ಪಾಡು, ಕೂಲಿಯ ಲೆಕ್ಕ ಇರುವುದಿಲ್ಲ. ಜಲಪಾತದ ಎತ್ತರ ಎಲ್ಲಿ ಬೇಕಾದರೂ ಸಿಗುತ್ತದೆ. ದುಬೈಯ ಹೋಟೆಲಿನಲ್ಲಿ ದುಡಿದ ನಿಮ್ಮ ಭಾವ ಎಷ್ಟು ಗಂಟೆಗೆ ಏಳುತ್ತಿದ್ದರು, ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಿದ್ದರು, ಊರಿಗೆ ಹಣ ಹೇಗೆ ಕಳಿಸುತ್ತಿದ್ದರು ಎಂಬುದು ಅವರ ಬಾಯಲ್ಲಿ ಮಾತ್ರ ಇದೆ. ಕೇಳದಿದ್ದರೆ ಅವರೊಂದಿಗೇ ಹೋಗುತ್ತದೆ.

ಸಮಯ ಮುಗಿಯುತ್ತಾ ಬಂತು, ಸಲಹೆ ಚುಟುಕಾಗಿ ಹೇಳುತ್ತೇನೆ. ಹೋಗಿಬಂದವರು ಹೇಳಿದ್ದು ಬೇರೆ, ನಿಮ್ಮ ಅಭಿಪ್ರಾಯ ಬೇರೆ; ಎರಡನ್ನೂ ಬೆರೆಸಬೇಡಿ. ಊರು, ವರ್ಷ, ಬೆಲೆ ತಪ್ಪದೆ ಬರೆಯಿರಿ. ಆಡುವ ಕನ್ನಡವೇ ಸಾಕು. ಬರೆದದ್ದನ್ನು ನಿಮ್ಮ ಸಂಘದ ಸಂಚಿಕೆಗೆ ಕೊಡಿ. ಪಾಂಡಿತ್ಯಕ್ಕೆ ಕಾಯಬೇಡಿ, ಈ ಭಾನುವಾರವೇ ಕೂತು ಕೇಳಿ.