ನಿವೃತ್ತಿಯ ಬಳಿಕ ವಿಶ್ವವಿದ್ಯಾನಿಲಯದ ಮಿಂಚಂಚೆ



ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವುಗಳನ್ನೇರಿ ತಾಳಮಲೆಯ ಕಾಡಂಚಿನ ಶಾಲೆಯನ್ನು ತಲುಪುವ ಕನ್ನಡ ಶಿಕ್ಷಕರಿಗೆ ಪಠ್ಯಪುಸ್ತಕದ ಹೊರಗಿನ ಕನ್ನಡ ಸಾಮಗ್ರಿ ಸುಲಭವಾಗಿ ದೊರೆಯದು. ಪಾಠಟಿಪ್ಪಣಿ, ಪ್ರಶ್ನೆಪತ್ರಿಕೆ, ಮಕ್ಕಳಿಂದ ಕೇಳಿ ಬರೆದುಕೊಂಡ ಗಾದೆಗಳು ಎಲ್ಲವೂ ಅವರದೇ ದುಡಿಮೆ. ವಿಶ್ವವಿದ್ಯಾನಿಲಯದಲ್ಲಿ ಓದುವಾಗ ದೊರೆತ ಮಿಂಚಂಚೆ ಖಾತೆಯಲ್ಲಿ ಅವನ್ನು ಕೂಡಿಟ್ಟವರಿದ್ದರೆ, ಆ ಖಾತೆ ಬಾಡಿಗೆಯ ಮನೆಯೇ ಹೊರತು ಸ್ವಂತದ್ದಲ್ಲ.

ಶಿಕ್ಷಣ ಸಂಸ್ಥೆಗಳಿಗಿದ್ದ ಮಿತಿಯಿಲ್ಲದ ಸಂಗ್ರಹ ಸೌಲಭ್ಯವನ್ನು ನಿಲ್ಲಿಸುವುದಾಗಿ 2021ರಲ್ಲಿ ಗೂಗಲ್ ಪ್ರಕಟಿಸಿತು. 2022ರ ಜುಲೈಯಿಂದ ಸಂಸ್ಥೆಯೊಂದಕ್ಕೆ ಮೂಲಮಿತಿ 100 ಟೆರಾಬೈಟ್. ಆ ಬಳಿಕ ಹಲವು ವಿಶ್ವವಿದ್ಯಾನಿಲಯಗಳು ಹಳೆಯ ವಿದ್ಯಾರ್ಥಿಗಳ ಹಾಗೂ ನಿವೃತ್ತರ ಖಾತೆಗಳನ್ನು ಮೊಟಕುಗೊಳಿಸಿದವು.

ಮೊದಲು ಪಿಂಚಣಿ, ಬ್ಯಾಂಕು ದಾಖಲೆಗಳಲ್ಲಿ ಸ್ವಂತ ಖಾತೆಯ ವಿಳಾಸವನ್ನು ನಮೂದಿಸಬೇಕು. ಇಲ್ಲವಾದರೆ ದೃಢೀಕರಣದ ಸಂಖ್ಯೆಯು ಮುಚ್ಚಿದ ಖಾತೆಗೇ ಹೋದೀತು. ಗೂಗಲ್ ಖಾತೆಯಾದರೆ ‘ಟೇಕ್‌ಔಟ್’ ಸೌಲಭ್ಯದಿಂದ ಪತ್ರಗಳನ್ನೂ ಕಡತಗಳನ್ನೂ ಒಟ್ಟಾಗಿ ಇಳಿಸಿಕೊಳ್ಳಬಹುದು. ಜಾಲಸಂಪರ್ಕ ಚೆನ್ನಾಗಿರುವ ಊರಿನಲ್ಲಿ ಈ ಕೆಲಸ ಮಾಡುವುದು ಲೇಸು.

ಕನ್ನಡದ ತೊಡಕು ಇಲ್ಲಿಂದ ಮುಂದೆ. ‘ನುಡಿ’, ‘ಬರಹ’ಗಳ ಹಳೆಯ ಅಕ್ಷರಶೈಲಿಯ ಕಡತವು ಆ ಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನೂ, ವಿಶೇಷವಾಗಿ ಅರ್ಕಾವತ್ತನ್ನೂ, ಸಾಲುಸಾಲಾಗಿ ಓದಿ ತಿದ್ದಬೇಕು. ಗಾದೆಯ ಮೂಲರೂಪ ಬಲ್ಲವರು ಅದನ್ನು ಬರೆದುಕೊಂಡ ಶಿಕ್ಷಕರೇ. ಯಂತ್ರದ ತಪ್ಪು ಬೇರೆಯವರ ಕಣ್ಣಿಗೆ ಬೀಳದೆ ಹೋದೀತು. ತಿದ್ದಿದ ಪ್ರತಿಯೊಂದು ಶಾಲೆಯ ಕಪಾಟಿನಲ್ಲಿ, ಮುಂದೆ ಬರುವ ಶಿಕ್ಷಕರ ಕೈಗೆ ಸಿಗುವಂತಿರಲಿ.