ಡಾಕ್ಟರ ಕೈಗುಣ, ರೈತನ ಸಾಲ

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಎತ್ತು ಕೊಳ್ಳುವಾಗ ನೀವು ಹಲ್ಲು ಎಣಿಸುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಡಾಕ್ಟರನ್ನು ಆರಿಸುವಾಗ ಏನು ನೋಡುತ್ತೀರಿ? "ಅವರ ಕೈಗುಣ ಚೆನ್ನಾಗಿದೆ ಕಣಪ್ಪ, ಒಂದು ಸೂಜಿ ಹಾಕಿದ್ರೆ ಸಾಕು" ಅಂತೀರಿ. ಪೇಟೆಯ ಸಂಬಳದಾರ ಬೋರ್ಡಿನ ಮೇಲಿನ ಡಿಗ್ರಿ ಎಣಿಸುತ್ತಾನೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಬರೆಯದಿದ್ದರೆ "ಈ ಡಾಕ್ಟರಿಗೆ ಏನೂ ಗೊತ್ತಿಲ್ಲ" ಎಂದು ಇನ್ನೊಬ್ಬರ ಬಳಿ ಹೋಗುತ್ತಾನೆ. ಇಬ್ಬರ ತಕ್ಕಡಿಯೂ ಸರಿಯಿಲ್ಲ. ಆದರೆ ಅವನು ಸಂಬಳದಲ್ಲಿ ತೆರುತ್ತಾನೆ, ನಾವು ಸಾಲದಲ್ಲಿ.

ಈ ಕೈಗುಣವನ್ನು ಸ್ವಲ್ಪ ಬಿಚ್ಚಿ ನೋಡೋಣ. ವೈರಸ್ಸಿನಿಂದ ಬರುವ ಸಾಮಾನ್ಯ ಜ್ವರ ಹೆಚ್ಚಾಗಿ ನಾಲ್ಕೈದು ದಿನಕ್ಕೆ ತಾನಾಗಿಯೇ ಇಳಿಯುತ್ತೆ. ಮೂರನೇ ದಿನ ಸೂಜಿ ಹಾಕಿದವನಿಗೆ ಹೆಸರು ಬರುತ್ತೆ. ಸುಸ್ತು ಅಂದ್ರೆ ಗ್ಲೂಕೋಸ್ ಬಾಟಲಿ ಏರಿಸ್ತಾರೆ. ಐದು ಪರ್ಸೆಂಟಿನ ಅರ್ಧ ಲೀಟರ್ ಬಾಟಲಿಯಲ್ಲಿರೋದು 25 ಗ್ರಾಂ ಗ್ಲೂಕೋಸು, ಐದಾರು ಟೀ ಚಮಚ ಸಕ್ಕರೆಯಷ್ಟು! ಕಬ್ಬು ಬೆಳೆಯುವ ನಾವೇ ಸಕ್ಕರೆಗೆ ಈ ಬೆಲೆ ಕೊಡ್ತೀವಲ್ಲ! ಮಂಡಿನೋವಿಗೆ ಪದೇ ಪದೇ ಹಾಕುವ ಸೂಜಿಯಲ್ಲಿ ಸ್ಟೆರಾಯ್ಡ್ ಇದ್ದರೆ ನೋವು ಬೇಗ ಇಳಿಯುತ್ತೆ. ಜೊತೆಗೆ ರಕ್ತದ ಸಕ್ಕರೆ ಏರುತ್ತೆ, ಮೂಳೆ ಸವೆಯುತ್ತೆ. ಡೆಂಗ್ಯೂನಲ್ಲಂತೂ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಆಗ ವಿಪರೀತ ಹೊಟ್ಟೆನೋವು, ಬಿಡದ ವಾಂತಿ ಬಂದರೆ ಕಾಯಬಾರದು. "ಗುಣವಾಯ್ತು" ಅಂತ ಗದ್ದೆಗೆ ಇಳಿದವನನ್ನು ದೊಡ್ಡಾಸ್ಪತ್ರೆಗೆ ಹೊರಬೇಕಾಗುತ್ತೆ. ಆಮೇಲೆ ಕೈಸಾಲ, ಒಡವೆ ಅಡವು, ಎಲ್ಲ ನಿಮಗೆ ಗೊತ್ತೇ ಇದೆ.

ಹಳ್ಳಿಯವರು ದಡ್ಡರು ಅಂತ ನಾನು ಹೇಳ್ತಿಲ್ಲ. 2001ರ ಜನಗಣತಿ ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ ವರದಿ ನೋಡಿ. ದೇಶದಲ್ಲಿ ಅಲೋಪಥಿ ಡಾಕ್ಟರೆಂದು ಹೇಳಿಕೊಂಡವರ ಪೈಕಿ ವೈದ್ಯ ಪದವಿ ಇದ್ದವರು ನಗರದಲ್ಲಿ ನೂರಕ್ಕೆ 58, ಹಳ್ಳಿಯಲ್ಲಿ ಬರೀ 19. ಬಯಲು ಪ್ರದೇಶದಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಲೆಕ್ಕ. ನಡುರಾತ್ರಿ ಮಗುವಿನ ಮೈ ಸುಡುತ್ತಿದ್ದರೆ ಹತ್ತಿರ ಸಿಕ್ಕವನೇ ಡಾಕ್ಟರು. ಇದು ಹಳ್ಳಿಗೆ ಎಸಗಿದ ಅನ್ಯಾಯ.

ಹಾಗಾದರೆ ಒಳ್ಳೆಯ ಡಾಕ್ಟರು ಯಾರು? ಎಷ್ಟು ದಿನದಿಂದ, ಮೊದಲು ಏನು ಔಷಧಿ ತಗೊಂಡಿದ್ದೆ ಎಂದು ಕೇಳುವವರು. ಮುಟ್ಟಿ ನೋಡುವವರು. ಕಾಯಿಲೆಯ ಹೆಸರು ಹೇಳಿ ಚೀಟಿ ಬರೆಯುವವರು. "ಸೂಜಿ ಬೇಡ, ಮಾತ್ರೆ ಸಾಕು" ಅನ್ನುವ ಧೈರ್ಯ ಇರುವವರು. "ಇದು ನನ್ನ ಕೈಲಿ ಆಗಲ್ಲ, ಜಿಲ್ಲಾಸ್ಪತ್ರೆಗೆ ಹೋಗಿ" ಎಂದು ಹೊತ್ತಿಗೆ ಸರಿಯಾಗಿ ಹೇಳುವವರು. ಇಂಥವರನ್ನು ಕೈಗುಣ ಇಲ್ಲ ಅಂತ ಬಿಟ್ಟು ಹೋಗಬೇಡಿ.

ಚೀಟಿ ಕೇಳಿ. ಬಿಲ್ಲು ಕೇಳಿ. "ಈ ಸೂಜಿ ಯಾಕೆ ಸಾಮಿ?" ಅಂತ ಕೇಳಿ. ಆರೋಗ್ಯ ಕೇಂದ್ರದಲ್ಲಿ ಡಾಕ್ಟರ ಕುರ್ಚಿ ಖಾಲಿ ಬಿದ್ದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ನಮ್ಮ ಬೆಳೆಗೆ ಬೆಲೆ ಕಟ್ಟೋರು ಬೇರೆಯವರು, ನಮ್ಮ ಕಾಯಿಲೆಗೂ ಅವರೇ ಬೆಲೆ ಕಟ್ಟಿದರೆ ಉಳಿಯೋದೇನು? ಕೇಳದೆ ತೆತ್ತ ದುಡ್ಡು ಬಡ್ಡಿ ಸಮೇತ ಹೊಲದ ಮೇಲೆ ಬಂದು ಕೂರುತ್ತೆ.